ಹನ್ನೊಂದು ಗಂಟೆಗೆ ಸರಿಹೋಗುವ ಲಾರಿ

ಲಾರಿ ಮತ್ತೆ ಚೆನ್ನಾಗಿಯೇ ಓಡಿತು.

ಇದು ಮೂರನೆಯ ಸಲ. ಪಲ್ಲಡಂ ಠಾಣೆಯ ಹಿಂದಿನ ಅಂಗಳದಲ್ಲಿ, ಜಪ್ತಿಯಾಗಿ ತುಕ್ಕು ಹಿಡಿಯುತ್ತಿದ್ದ ಬೈಕುಗಳ ಪಕ್ಕ, ಹತ್ತೊಂಬತ್ತು ವರ್ಷದ ಆ ಹಳದಿ ಲಾರಿ ಎರಡು ಸುತ್ತು ಹಾಕಿತು. ಎಡಕ್ಕೆ ಅಂದರೆ ಎಡಕ್ಕೆ ತಿರುಗಿತು, ಬಲಕ್ಕೆ ಅಂದರೆ ಬಲಕ್ಕೆ. ಆಮೇಲೆ ಬೇವಿನ ಮರದ ಕೆಳಗೆ, ಹೇಳಿದ ಜಾಗದಲ್ಲಿ, ಇನ್‌ಸ್ಪೆಕ್ಷನ್ನಿಗೆ ಬಂದ ಶಾಲಾ ಮಗುವಿನ ಹಾಗೆ ನಿಂತಿತು.

ವನಮಾಲಾಗೆ ಅದನ್ನು ಒದೆಯಬೇಕೆನ್ನಿಸಿತು.

ಮೆಕ್ಯಾನಿಕ್ ಆರುಮುಗಂ ಕ್ಯಾಬಿನ್ನಿನಿಂದ ಇಳಿದು ಕೈ ಒರೆಸಿಕೊಂಡ. “ಒಂದು ಬೆರಳಲ್ಲಿ ತಿರುಗುತ್ತಮ್ಮಾ ಸ್ಟೀರಿಂಗ್. ನಿಮ್ಮ ಕಾರಿಗಿಂತ ಚೆನ್ನಾಗಿದೆ.”

“ನನ್ನ ಕಾರು ಯಾರನ್ನೂ ಕೊಂದಿಲ್ಲ,” ಅಂದಳು ವನಮಾಲಾ.

ಈ ಲಾರಿ ಕೊಂದಿತ್ತು. ಎಂಟು ದಿನದ ಹಿಂದೆ, ಬೆಳಗಿನ ಐದೂವರೆಗೆ, ನಂಜಪ್ಪನ್ ಅವರ ಕೊಬ್ಬರಿ ಎಣ್ಣೆ ಮಿಲ್ಲಿನ ಗೇಟಿನಲ್ಲಿ, ಸೂಪರ್‌ವೈಸರ್ ದಿವಾಕರನನ್ನು ಬಲಗಡೆಯ ಕಂಬಕ್ಕೆ ಒತ್ತಿ ಕೊಂದಿತ್ತು. ಡ್ರೈವರ್ ಲೋಗನಾಥನ್ ಅವತ್ತಿನಿಂದ ಒಂದೇ ಮಾತು ಹೇಳುತ್ತಿದ್ದ: ಆಕ್ಸಿಲರೇಟರ್ ಒತ್ತಿದರೆ ವಂಡಿ ಎಳೆಯಲಿಲ್ಲ, ಪೂರ್ತಿ ಒತ್ತಿದೆ, ಇದ್ದಕ್ಕಿದ್ದಂತೆ ನೆಗೆಯಿತು, ಎಡಕ್ಕೆ ತಿರುಗಿಸಲು ಹೋದರೆ ಸ್ಟೀರಿಂಗ್ ಕಲ್ಲಾಗಿತ್ತು.

ಯಾರಾದರೂ ನಂಬಬಹುದಾದ ಮಾತೇ. ಆದರೆ ಹಿಂದಿನ ಸಂಜೆ ಇದೇ ಲೋಗನಾಥನ್ ಇದೇ ದಿವಾಕರನ ಕೊರಳಪಟ್ಟಿ ಹಿಡಿದು ಜಗಳವಾಡಿದ್ದನ್ನು ಮಿಲ್ಲಿನ ಅಂಗಳದಲ್ಲಿ ನಲವತ್ತು ಜನ ನೋಡಿದ್ದರು. ಏಕೆ ಅಂತ ಕೇಳಿದರೆ ಲೋಗನಾಥನ್ ಬಾಯಿ ಬಿಡುತ್ತಿರಲಿಲ್ಲ.

ಲಾರಿಯಲ್ಲಿ ದೋಷವಿದ್ದರೆ ಇದು ಅಪಘಾತ. ಇಲ್ಲದಿದ್ದರೆ ಕೊಲೆ. ಇಪ್ಪತ್ತಾರು ವರ್ಷ ವಿಮಾ ಕಂಪನಿಗಳ ಪರವಾಗಿ ಜಜ್ಜಿದ ಬಾನೆಟ್ಟುಗಳನ್ನೂ ಸುಟ್ಟ ವೈರುಗಳನ್ನೂ ಪರೀಕ್ಷಿಸಿ ವರದಿ ಬರೆದ ಸರ್ವೇಯರ್ ವನಮಾಲಾಗೆ, ಒಂದು ರಬ್ಬರ್ ಸೀಲಿನ ಮೇಲೆ ಒಬ್ಬ ಮನುಷ್ಯನ ಮುಂದಿನ ಹದಿನಾಲ್ಕು ವರ್ಷ ನಿಂತಿರುವುದು ಇದೇ ಮೊದಲು.

ಸ್ಟೀರಿಂಗಿನ ಎಣ್ಣೆ ಸೋರಿಕೆ ಇತ್ತು. ಅದೇ ಸಿಟ್ಟಿನ ವಿಷಯ.

ಮೊದಲ ದಿನವೇ ಸಿಕ್ಕಿತ್ತು. ಸ್ಟೀರಿಂಗ್ ಬಾಕ್ಸ್, ಪಂಪು, ಹೋಸುಗಳನ್ನೆಲ್ಲ ಡೀಸೆಲ್ಲಿನಲ್ಲಿ ಒರೆಸಿ, ಮೇಲೆ ಮುಖದ ಪೌಡರ್ ಉದುರಿಸಿ, ಇಂಜಿನ್ ಚಾಲೂ ಮಾಡಿ ಸ್ಟೀರಿಂಗನ್ನು ಈ ತುದಿಯಿಂದ ಆ ತುದಿಗೆ ಹತ್ತು ಸಲ ತಿರುಗಿಸುವುದು. ಪೌಡರ್ ಎಲ್ಲಿ ಒದ್ದೆಯಾಯಿತೋ ಅಲ್ಲಿ ಸೋರುತ್ತಿದೆ ಎಂದರ್ಥ. ಪೌಡರ್ ಡಬ್ಬಿ ವನಮಾಲಾಳದ್ದೇ, ಮಲ್ಲಿಗೆ ವಾಸನೆಯದು. ಎರಡು ದಿನ ಠಾಣೆಯ ಹಿತ್ತಲು ಮದುವೆ ಛತ್ರದ ಹಾಗೆ ಘಮಘಮಿಸಿತು. ಒಳಗಿದ್ದ ಇಬ್ಬರು ಕಳ್ಳರು ಯಾರ ಮದುವೆ ಅಂತ ವಿಚಾರಿಸಿದ್ದರಂತೆ.

ಸ್ಟೀರಿಂಗ್ ಬಾಕ್ಸಿನಿಂದ ಕೆಳಗಿಳಿಯುವ ತೋಳಿನ ಬುಡದಲ್ಲಿ ಪೌಡರ್ ಒದ್ದೆಯಾಯಿತು. ಸೀಲ್ ಹೋಗಿದೆ. ಆದರೆ ಸೋರುವ ಸ್ಟೀರಿಂಗ್ ಬಿಗಿಯಾಗುವುದು ಒಳಗಿನ ಎಣ್ಣೆ ಖಾಲಿಯಾದಾಗ. ಇದರ ಎಣ್ಣೆ ಡಬ್ಬಿ ಗುರುತಿನ ತನಕ ತುಂಬಿತ್ತು.

“ಸೋರಿದ್ದನ್ನ ದಿನಾ ತುಂಬಿಸಿದ್ದಾರೆ,” ಅಂದಿದ್ದ ಆರುಮುಗಂ. “ನಮ್ಮ ಕಡೆ ಲಾರಿಗಳಿಗೆ ಸೋರೋದೂ ಒಂದು ಕೆಲಸ, ತುಂಬಿಸೋದೂ ಒಂದು ಕೆಲಸ.”

ಎರಡನೆಯ ದಿನ ಆಕ್ಸಿಲರೇಟರ್. ಕೇಬಲ್ ಬಿಗಿಯಾಗಿತ್ತು, ಎಲ್ಲೂ ಸಿಕ್ಕಿಕೊಳ್ಳುತ್ತಿರಲಿಲ್ಲ. ಡೀಸೆಲ್ ಫಿಲ್ಟರ್ ಬಿಚ್ಚಿದರೆ ಕಸವಿಲ್ಲ. ಏರ್ ಫಿಲ್ಟರಿನಲ್ಲಿ ಒಂದು ಗುಬ್ಬಚ್ಚಿ ಗರಿ. ಪೆಡಲ್ ಒತ್ತಿದರೆ ಲಾರಿ ಕಾಂಗೇಯದ ಹೋರಿಯ ಹಾಗೆ ಎಳೆಯುತ್ತಿತ್ತು. ಮೈಯೆಲ್ಲ ಕೊಬ್ಬರಿ ಎಣ್ಣೆ ವಾಸನೆ. ಎಣ್ಣೆ ಮಿಲ್ಲಿನ ಲಾರಿ ಮತ್ತಿನ್ಯಾವ ವಾಸನೆ ಹೊಡೆಯಬೇಕು?

ಸಬ್ ಇನ್‌ಸ್ಪೆಕ್ಟರ್ ಸುಶೀಲ ಹಿಂಬಾಗಿಲಲ್ಲಿ ನಿಂತು ಗಡಿಯಾರ ನೋಡಿಕೊಂಡಳು. ಮೂವತ್ತೆರಡರ ಹುಡುಗಿ, ತಿರುನೆಲ್ವೇಲಿ ಕಡೆಯವಳು. ಮಾತು ಕಡಿಮೆ, ಬರವಣಿಗೆ ಜಾಸ್ತಿ.

“ಮೇಡಂ, ನಾಳೆ ಮಧ್ಯಾಹ್ನ ಹನ್ನೆರಡಕ್ಕೆ ಲಾರಿ ಓನರ್ ಕೈಗೆ ಹೋಗುತ್ತೆ. ಕೋರ್ಟ್ ಆರ್ಡರ್. ಅವರು ಗುಜರಿಯವನನ್ನ ಗೇಟಲ್ಲೇ ನಿಲ್ಲಿಸಿಕೊಂಡಿರ್ತಾರೆ, ಗೊತ್ತಲ್ಲ?”

“ಗೊತ್ತು.”

“ದಿವಾಕರನ ಹೆಂಡತಿ ದಿನಾ ಬಂದು ಈ ಮೆಟ್ಟಿಲ ಮೇಲೆ ಕೂತ್ಕೋತಾಳೆ. ಅಪಘಾತ ಅಲ್ಲ, ಕೊಲೆ ಅಂತಾಳೆ. ನಿಮ್ಮ ರಿಪೋರ್ಟಲ್ಲಿ ಲಾರಿ ಸರಿ ಇದೆ ಅಂತ ಬಂದ್ರೆ ನಾನೂ ಹಾಗೇ ಬರೀಬೇಕಾಗುತ್ತೆ. ಸೆಕ್ಷನ್ ಬದಲಾಯಿಸಿ, ಡ್ರೈವರನ್ನ ಒಳಗೆ ಹಾಕ್ತೀನಿ.”

ವನಮಾಲಾ ಲಾರಿಯ ಕೆಳಗೆ ಬಗ್ಗಿ, ತೋಳಿನ ಬುಡದಿಂದ ಜಿನುಗುತ್ತಿದ್ದ ಕಂದು ಎಣ್ಣೆಯನ್ನು ಒಂದು ಖಾಲಿ ಜಾಮ್ ಬಾಟಲಿಗೆ ಇಳಿಸಿಕೊಂಡಳು. ಮೇಲೆ ಚೀಟಿ ಅಂಟಿಸಿದಳು. ಪೀಳಮೇಡಿನ ಕಾಲೇಜಿನ ಲ್ಯಾಬಿಗೆ ಕೊಟ್ಟರೆ ಮೂರು ವಾರದಲ್ಲಿ ಹೇಳುತ್ತಾರೆ. ಮೂರು ವಾರದಲ್ಲಿ ಲೋಗನಾಥನ್ ಕೊಯಮತ್ತೂರು ಜೈಲಿನ ಅನ್ನಕ್ಕೆ ಒಗ್ಗಿಕೊಂಡಿರುತ್ತಾನೆ.

ಎಣ್ಣೆ ಕೈಯಲ್ಲಿ ಅಂಟಿಸಿದ ಚೀಟಿ, ಕೊಯಮತ್ತೂರಿನ ಮನೆಗೆ ಮರಳುವ ದಾರಿಯಲ್ಲಿ ಸೂಲೂರು ದಾಟುವ ಮೊದಲೇ ಕಳಚಿ ಬಿತ್ತು. ಇಪ್ಪತ್ತಾರು ವರ್ಷದ ಅನುಭವ ಅಂದರೆ ಅದು.

*

ಮರುದಿನ, ಶನಿವಾರ ಬೆಳಿಗ್ಗೆ ನಾಲ್ಕೂಮುಕ್ಕಾಲಿಗೆ ವನಮಾಲಾಗೆ ಎಚ್ಚರವಾದದ್ದು ಗಂಡನ ಸೀನಿನಿಂದ.

ಶ್ರೀನಿವಾಸ ಕಾಲೇಜೊಂದರಲ್ಲಿ ಮೂವತ್ತು ವರ್ಷ ಇತಿಹಾಸ ಹೇಳಿ ನಿವೃತ್ತರಾದವರು. ಬುಧವಾರ, ಶನಿವಾರ ಗಂಡಸರ ಎಣ್ಣೆಸ್ನಾನ ಎಂಬುದನ್ನು ಕೊಯಮತ್ತೂರು ಅವರಿಗೆ ಕಲಿಸಿತ್ತು, ಅವರು ಕಲಿತಿದ್ದರು, ಮತ್ತೆ ಬಿಟ್ಟಿರಲಿಲ್ಲ. ಮಾರ್ಗಳಿ ತಿಂಗಳ ಚಳಿಯಲ್ಲೂ ಬಚ್ಚಲಿನ ಬಾಗಿಲಲ್ಲಿ ಸ್ಟೂಲ್ ಹಾಕಿಕೊಂಡು, ತುಂಡುಪಂಚೆ ಉಟ್ಟು, ಎರಡೂ ಕೈಯಿಂದ ನೆತ್ತಿ ತಟ್ಟುತ್ತ ಕೂತಿದ್ದರು.

“ವನು, ಈ ಎಣ್ಣೆ ಎಲ್ಲಿಂದ ತಂದೆ? ಗಾಣದ್ದಾ?”

“ಯಾವ ಎಣ್ಣೆ?”

“ಕಿಟಕಿ ಮೇಲಿತ್ತಲ್ಲ, ಜಾಮ್ ಬಾಟ್ಲಲ್ಲಿ. ಬಣ್ಣ ಸ್ವಲ್ಪ ಕಂದು. ಗಾಣದ್ದು ಹಾಗೇ ಇರುತ್ತೆ ಅಂದ್ಕೊಂಡೆ. ಆದ್ರೆ ಏನೋ ಬಸ್ ಸ್ಟ್ಯಾಂಡ್ ವಾಸನೆ ಬರ್ತಿದೆ.”

ವನಮಾಲಾ ಹಾಸಿಗೆಯಿಂದ ಎದ್ದದ್ದು ಅವಳಿಗೇ ಗೊತ್ತಾಗಲಿಲ್ಲ.

“ರೀ, ಅದು ಲಾರಿದು!”

ಶ್ರೀನಿವಾಸ ತಟ್ಟುವುದನ್ನು ನಿಲ್ಲಿಸಿದರು. “ಲಾರಿ ಯಾವಾಗಿನಿಂದ ತಲೆಗೆ ಎಣ್ಣೆ ಹಚ್ಕೊಳ್ತಿದೆ?”

“ಎಷ್ಟು ಹಚ್ಕೊಂಡ್ರಿ? ಅದು ಸಾಕ್ಷಿ ರೀ, ಪೊಲೀಸ್ ಕೇಸಿನ ಸಾಕ್ಷಿ! ಮೂರು ದಿನ ಲಾರಿ ಕೆಳಗೆ ಬಿದ್ದು ಹಿಡಿದದ್ದು!”

“ಸಾಕ್ಷಿ ಅಂತ ಬರೆದಿಡಬೇಕಪ್ಪ. ನಾನೇನು ಕಂಡೆ? ಹೆಪ್ಪುಗಟ್ಟಿ ಕೂತಿತ್ತು. ಬಿಸಿನೀರಿನ ಚೊಂಬಲ್ಲಿಟ್ಟೆ, ಕರಗ್ತು, ಹಚ್ಕೊಂಡೆ. ವಾರವಾರ ಮಾಡೋದು ತಾನೆ.”

ವನಮಾಲಾ ಇನ್ನೂ ಏನೋ ಬೈಯಲು ಬಾಯಿ ತೆರೆದಿದ್ದಳು. ಹಾಗೇ ನಿಂತಳು.

“ಏನಾಗಿತ್ತು ಅಂದ್ರಿ?”

“ಹೆಪ್ಪುಗಟ್ಟಿತ್ತು. ಬೆಳ್ಳಗೆ, ಬೆಣ್ಣೆ ಹಾಗೆ. ಮಾರ್ಗಳೀಲಿ ಯಾವ ವರ್ಷ ಕಟ್ಟಿಲ್ಲ?”

ಸ್ಟೀರಿಂಗ್ ಎಣ್ಣೆ ಹೆಪ್ಪುಗಟ್ಟುವುದಿಲ್ಲ. ಕಾಶ್ಮೀರದಲ್ಲೂ ಕಟ್ಟುವುದಿಲ್ಲ. ಡಿಸೆಂಬರ್ ಬೆಳಿಗ್ಗೆ ಕೊಯಮತ್ತೂರಿನ ಎಲ್ಲ ಬಚ್ಚಲುಗಳಲ್ಲಿ ಹೆಪ್ಪುಗಟ್ಟುವುದು ಒಂದೇ ಎಣ್ಣೆ. ಬಿಸಿಲು ಏರಿದ ಮೇಲೆ ಏನೂ ಆಗಿಲ್ಲವೆಂಬಂತೆ ತಾನೇ ಕರಗಿ ನೀರಾಗುವುದೂ ಅದೇ.

ಮೂರು ದಿನ ಅವಳು ಆ ಲಾರಿಯನ್ನು ಪರೀಕ್ಷಿಸಿದ್ದು ಹನ್ನೊಂದು ಗಂಟೆಗೆ. ಏಕೆಂದರೆ ಸರ್ವೇಯರುಗಳು ಹನ್ನೊಂದಕ್ಕೆ ಬರುತ್ತಾರೆ. ಮೆಕ್ಯಾನಿಕ್ಕುಗಳೂ ಹನ್ನೊಂದಕ್ಕೇ ಬರುತ್ತಾರೆ. ಲಾರಿಯೂ ಹನ್ನೊಂದಕ್ಕೆ ಸರಿಹೋಗುತ್ತದೆ.

“ಎಂಥ ಮುಟ್ಠಾಳಿ ನಾನು!” ಅಂದಳು ವನಮಾಲಾ. “ಏಳಿ, ಹೊರಡಿ. ಸೂರ್ಯ ಬರೋದರೊಳಗೆ ಪಲ್ಲಡಂ ಸೇರಬೇಕು.”

“ನೀರು ಹಾಕ್ಕೊಂಡು ಬರ್ತೀನಿ.”

“ಬೇಡ! ಇರೋ ಸಾಕ್ಷಿಯಲ್ಲಿ ಮುಕ್ಕಾಲು ಭಾಗ ನಿಮ್ಮ ತಲೆ ಮೇಲಿದೆ.”

*

ಕಾರಿನಲ್ಲಿ ಶ್ರೀನಿವಾಸ ತಲೆಗೆ ಟವೆಲ್ ಸುತ್ತಿಕೊಂಡು, ಯಾವುದೋ ಸಂಸ್ಥಾನದ ಪದಚ್ಯುತ ರಾಜನ ಹಾಗೆ ಕೂತಿದ್ದರು. ವನಮಾಲಾ ಓಡಿಸುತ್ತ ಒಂದೊಂದೇ ಫೋನ್ ಮಾಡಿದಳು.

“ಬೆಳಿಗ್ಗೆ ಐದಕ್ಕೆ ಫೋನ್ ಮಾಡೋದು ನಾವು ಮೇಡಂ, ನೀವಲ್ಲ,” ಅಂದಳು ಸುಶೀಲ. ಆದರೂ ಬರುತ್ತೇನೆಂದಳು.

ಲೋಗನಾಥನ್ ಮೊದಲನೆಯ ರಿಂಗಿಗೇ ಎತ್ತಿದ. ಅವನು ಮಲಗಿದಂತಿರಲಿಲ್ಲ. “ಶೆರಿ ಅಕ್ಕಾ,” ಅಂದ, ಏಕೆ ಅಂತಲೂ ಕೇಳಲಿಲ್ಲ. ಅವನದು ಪಲ್ಲಡಂನ ನೇಕಾರರ ಬೀದಿ. ಮನೆಯಲ್ಲಿ ಕನ್ನಡ, ಹೊಸ್ತಿಲಾಚೆ ತಮಿಳು. ವನಮಾಲಾ ಮೊದಲ ದಿನ ಕನ್ನಡದಲ್ಲಿ ಮಾತಾಡಿದಾಗ ಅವನು ಅತ್ತಿದ್ದ.

ಎಣ್ಣೆ ಮಿಲ್ಲಿನ ನಂಜಪ್ಪನ್ ಬೆಳಗಿನ ನಡಿಗೆಯಲ್ಲಿದ್ದರು. ಉಬ್ಬಸದ ನಡುವೆ ಅವರ ತಮಿಳು ಸ್ಪೀಕರಿನಲ್ಲಿ ಗುಡುಗಿತು.

“ಸ್ಟೀರಿಂಗಿಗೆ ಏನು ಹಾಕ್ತೀವಿ ಅಂದ್ರೆ? ಎಣ್ಣೆ ಹಾಕ್ತೀವಮ್ಮಾ.”

“ಯಾವ ಎಣ್ಣೆ?”

“ಒಳ್ಳೆ ಕಥೆ! ಎಣ್ಣೆ ಮಿಲ್ ಇಟ್ಕೊಂಡು ನಾನು ಅಂಗಡೀಲಿ ಎಣ್ಣೆ ಕೊಳ್ಳಲಾ? ಅದು ಹೇಗೂ ಸೋರುತ್ತೆ. ಸೋರೋದಕ್ಕೆ ಯಾವುದಾದ್ರೇನು? ಡ್ರಮ್ಮಿಂದ ಒಂದು ಚೊಂಬು ಹಾಕು ಅಂದಿದ್ದೆ.”

ಶ್ರೀನಿವಾಸ ಟವೆಲ್ ಮೇಲಿಂದ ತಲೆ ಮುಟ್ಟಿಕೊಂಡರು.

“ಡೀಸೆಲ್ಲಿಗೆ?” ಅಂತ ಕೇಳಿದಳು ವನಮಾಲಾ.

“ಅದಕ್ಕೂ ಸ್ವಲ್ಪ ಸೇರಿಸ್ತೀವಿ,” ನಂಜಪ್ಪನ್ ದನಿಯಲ್ಲಿ ಹೆಮ್ಮೆಯಿತ್ತು. “ಸೋಸಿದ ಮೇಲೆ ತಳದಲ್ಲಿ ಉಳಿಯುತ್ತಲ್ಲ, ಅದು. ಹಳೇ ಇಂಜಿನ್ ಏನು ಕೊಟ್ರೂ ಕುಡಿಯುತ್ತೆ. ಹೊಗೆ ಎಂಥ ವಾಸನೆ ಅಂತೀರಿ! ಹಿಂದೆ ಬರೋರಿಗೆ ಹಸಿವಾಗುತ್ತೆ.”

“ಯಾವಾಗಿನಿಂದ ಇದು?”

“ಆಡಿ ತಿಂಗಳಿಂದ. ಒಂದು ದಿನಾನೂ ತೊಂದರೆ ಕೊಟ್ಟಿಲ್ಲ.”

ಆಡಿ ಎಂದರೆ ಜುಲೈ. ಅಂದಿನಿಂದ ಬಂದ ಮೊದಲ ಚಳಿ ಇದು. ಮೊದಲ ಚಳಿಗೆ ಮೊದಲ ಹೆಣ.

“ಒಂದು ದಿನ ಕೊಟ್ಟಿದೆಯಲ್ಲ ಸಾರ್,” ಅಂದು ವನಮಾಲಾ ಫೋನ್ ಇಟ್ಟಳು.

ಸೂಲೂರು ದಾಟುವಾಗ ಪೂರ್ವದಲ್ಲಿ ಆಕಾಶ ಬೂದಿ ಬಣ್ಣಕ್ಕೆ ತಿರುಗಿತ್ತು. ಅವಳು ಜೀವಮಾನದಲ್ಲಿ ಮೊದಲ ಬಾರಿಗೆ ಸೂರ್ಯನನ್ನು ಬೈದಳು. ಶ್ರೀನಿವಾಸ ಕೈ ಮುಗಿದರು, ಇಬ್ಬರ ಪರವಾಗಿ.

*

ಠಾಣೆಯ ಹಿತ್ತಲಿನಲ್ಲಿ ಮಂಜು ಮೊಣಕಾಲುದ್ದ ನಿಂತಿತ್ತು. ಸುಶೀಲ ಯೂನಿಫಾರ್ಮಿನ ಮೇಲೆ ಗಂಡನದೆನ್ನಿಸುವ ಸ್ವೆಟರ್ ಹಾಕಿಕೊಂಡಿದ್ದಳು.

ವನಮಾಲಾ ಟಾರ್ಚ್ ಹಿಡಿದು ಲಾರಿಯ ಕೆಳಗೆ ಬಗ್ಗಿದಳು. ಸ್ಟೀರಿಂಗ್ ಬಾಕ್ಸಿನ ತೋಳಿನಿಂದ ಒಂದು ಹನಿ ಇಳಿದು, ಬೀಳುವ ಮೊದಲೇ ಗಟ್ಟಿಯಾಗಿ ನಿಂತಿತ್ತು. ಮೇಣದಬತ್ತಿಯ ಅಂಚಿನಲ್ಲಿ ನಿಲ್ಲುತ್ತದಲ್ಲ, ಹಾಗೆ. ನೆಲದ ಮೇಲೆ ಬೆಳ್ಳಗಿನ ಬಿಲ್ಲೆಗಳು.

“ಮುಟ್ಟಿ ನೋಡಿ.”

ಸುಶೀಲ ಮುಟ್ಟಿದಳು, ಮೂಸಿದಳು, ಅಭ್ಯಾಸಬಲದಿಂದ ಕೈಗೆ ಸವರಿಕೊಂಡಳು. ಆಮೇಲೆ ಅಂಗೈಯನ್ನೇ ನೋಡಿದಳು. “ಅಯ್ಯೋ, ಇದು…”

“ಆಮಾ. ಅದೇ.”

ಡೀಸೆಲ್ ಫಿಲ್ಟರಿನ ಬಟ್ಟಲು ಬಿಚ್ಚಿದರೆ ತಳದಲ್ಲಿ ಎರಡು ಬೆರಳು ದಪ್ಪ ಬಿಳಿ ಗಸಿ. ಮೊನ್ನೆ ಇದೇ ಬಟ್ಟಲು ಕನ್ನಡಿಯ ಹಾಗಿತ್ತು. ಸುಶೀಲ ಎಲ್ಲವನ್ನೂ ಫೋನಿನಲ್ಲಿ ಹಿಡಿದಳು. ಶ್ರೀನಿವಾಸರ ತಲೆಯನ್ನೂ ಹಿಡಿದಳು. ಅವರು ಟವೆಲ್ ತೆಗೆದು ಗಂಭೀರವಾಗಿ ನಿಂತುಕೊಟ್ಟರು.

ಲೋಗನಾಥನ್ ಬಂದಾಗ ಆರೂಕಾಲು. ಬಡಕಲು ಮೈ, ಒಂಬತ್ತು ದಿನದ ಗಡ್ಡ. ಜತೆಯಲ್ಲಿ ಅವನ ಹೆಂಡತಿ ಕಲೈಸೆಲ್ವಿ. ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ಟೈಲರ್. ಭುಜಕ್ಕೆ ಚೀಲ, ಕೈಯಲ್ಲಿ ಟಿಫನ್ ಡಬ್ಬಿ, ಕೊರಳಿಗೆ ಕಂಪನಿಯ ಗುರುತಿನ ಪಟ್ಟಿ. ಕಂಪನಿ ಬಸ್ಸು ಠಾಣೆಯ ಮೂಲೆಗೇ ಬರುತ್ತದೆ. ಅಲ್ಲಿಯ ತನಕ ನಿಲ್ಲುತ್ತೇನೆಂದು ಗೋಡೆಗೆ ಒರಗಿ ನಿಂತಳು. ಒಂಬತ್ತು ದಿನದಿಂದ ಗಂಡನನ್ನು ಎಲ್ಲಿಗೂ ಒಬ್ಬನೇ ಕಳಿಸಿರಲಿಲ್ಲ.

“ಅವತ್ತು ಹೇಗೆ ಮಾಡಿದೆಯೋ ಹಾಗೇ ಮಾಡು,” ಅಂದಳು ವನಮಾಲಾ. “ಸ್ಟಾರ್ಟ್ ಮಾಡು. ಎಡಕ್ಕೆ ತಿರುಗಿಸು.”

ಮೂರನೆಯ ಯತ್ನಕ್ಕೆ ಇಂಜಿನ್ ಚಾಲೂ ಆಯಿತು. ಸ್ಟೀರಿಂಗ್ ಪಂಪು ನರಳತೊಡಗಿತು. ನಿನ್ನೆ ಇಲ್ಲದ, ಮೂರು ದಿನದಲ್ಲಿ ಒಮ್ಮೆಯೂ ಕೇಳದ, ಹೊಟ್ಟೆನೋವಿನಂಥ ದನಿ.

ಲೋಗನಾಥನ್ ಎಡಕ್ಕೆ ಎಳೆದ. ಸ್ಟೀರಿಂಗ್ ಅಲುಗಲಿಲ್ಲ. ಎರಡೂ ಕೈ ಹಾಕಿ ಎಳೆದ. ಸೀಟಿನಿಂದ ಎದ್ದು ಮೈಭಾರ ಹಾಕಿ ಎಳೆದ.

“ಏನಕ್ಕಾ ಇದು!” ಅಂದ. “ಹಿಂಗಿದೆ!”

“ಆಕ್ಸಿಲರೇಟರ್ ಒತ್ತು.”

ಒತ್ತಿದ. ಇಂಜಿನ್ ಕುಗ್ಗಿತು, ಕೆಮ್ಮಿತು, ಇನ್ನೇನು ಸಾಯುತ್ತದೆ ಅನ್ನುವಷ್ಟು ಇಳಿಯಿತು. ಅವನು ಪೂರ್ತಿ ಒತ್ತಿದ. ಎರಡು ಕ್ಷಣ ಏನೂ ಇಲ್ಲ. ಆಮೇಲೆ ಒಳಗೆ ಎಲ್ಲೋ ಏನೋ ಕಳಚಿಕೊಂಡಂತಾಗಿ ಇಂಜಿನ್ ಒಮ್ಮೆಲೇ ಅಬ್ಬರಿಸಿತು. ಗೇರಿನಲ್ಲಿ ಇದ್ದಿದ್ದರೆ ಠಾಣೆಯ ಗೋಡೆ ಉಳಿಯುತ್ತಿರಲಿಲ್ಲ.

ಲೋಗನಾಥನ್ ಬೆಚ್ಚಿ ಕಾಲು ತೆಗೆದ.

“ಸಾಕು ಮೇಡಂ,” ಅಂದಳು ಸುಶೀಲ. ಬಾನೆಟ್ಟಿನ ಮೇಲೆ ಪಂಚನಾಮೆಯ ಹಾಳೆ ಹರಡಿ ಬರೆಯತೊಡಗಿದಳು. ಅವಳ ಮುಖದಲ್ಲಿ ಮೊದಲ ಬಾರಿಗೆ ನಗುವಿನಂಥದ್ದೊಂದು ಕಂಡಿತು. “ಅವನು ಹೇಳಿದ್ದು ಅಕ್ಷರಶಃ ನಿಜ. ಸೆಕ್ಷನ್ ಬದಲಾಯಿಸಲ್ಲ. ನೀವೊಂದು ಸೈನ್ ಹಾಕಿಬಿಡಿ. ನಂಜಪ್ಪನ್ ಅವರನ್ನ ನಾನು ಹತ್ತು ಗಂಟೆಗೆ ನೋಡ್ಕೋತೀನಿ.”

ವನಮಾಲಾ ಪೆನ್ನು ತೆಗೆದುಕೊಂಡಳು. ಗೆದ್ದಿದ್ದಳು. ಆದರೂ ಪೆನ್ನು ಸಹಿಯ ಜಾಗಕ್ಕೆ ಬರುವ ಮೊದಲೇ ನಿಂತಿತು.

“ಏನಕ್ಕಾ ಇದು” ಅಂದನಲ್ಲ.

ಅವಳು ಪೆನ್ನನ್ನು ಹಾಳೆಯ ಮೇಲಿಟ್ಟು ಕ್ಯಾಬಿನ್ನಿನ ಮೆಟ್ಟಿಲು ಹತ್ತಿದಳು. ಕನ್ನಡದಲ್ಲಿ ಕೇಳಿದಳು. ತಮಿಳು ಮಾತ್ರ ಬಲ್ಲ ಸುಶೀಲಳ ಕಿವಿಗೆ ಕನ್ನಡವೆಂದರೆ ಪಕ್ಕದ ಮನೆಯ ರೇಡಿಯೋ. ಅವಳು ತಲೆ ಎತ್ತಲಿಲ್ಲ.

“ಲೋಗನಾಥಾ, ಯಾಕೆ ಹೆದರಿದೆ?”

“ಹೆದರಿಲ್ಲ ಅಕ್ಕಾ.”

“ಕಲ್ಲಾಗಿತ್ತು ಅಂತ ಒಂಬತ್ತು ದಿನದಿಂದ ಹೇಳ್ತಿದ್ದೀಯ. ಈಗ ಕಲ್ಲಾಗಿದ್ದು ನೋಡಿ ಏನಿದು ಅಂತ ನನ್ನನ್ನೇ ಕೇಳ್ತೀಯ.”

ಅವನು ಸ್ಟೀರಿಂಗಿನ ಮೇಲಿನ ಪ್ಲಾಸ್ಟಿಕ್ ಸಿಪ್ಪೆಯನ್ನು ಉಗುರಿನಿಂದ ಕೆರೆದ.

“ಮಿಲ್ಲಿನಿಂದ ಲೋಡು ಹೊರಡೋದು ಎಷ್ಟು ಹೊತ್ತಿಗೆ?”

“ಹತ್ತು. ಹತ್ತೂವರೆ.”

“ಅಷ್ಟು ಹೊತ್ತಿಗೆ ಎಣ್ಣೆ ನೀರಾಗಿರುತ್ತೆ. ನಿನ್ನ ಕೈಗೆ ಈ ಲಾರಿ ಯಾವತ್ತೂ ಕಲ್ಲಾಗಿಲ್ಲ. ಈವತ್ತೇ ಮೊದಲು.”

“ಅವತ್ತು ಆಯ್ತಕ್ಕಾ.”

“ಅವತ್ತು ಐದೂವರೆಗೆ ಯಾಕೆ ತೆಗೆದೆ?”

“ತೆಗೆದೆ. ಅಷ್ಟೇ.”

“ಯಾರು ಹೇಳಿದ್ರು ತೆಗಿ ಅಂತ? ಲೋಡಿತ್ತಾ? ಖಾಲೀನಾ? ಎಲ್ಲಿಗೆ ಹೊರಟಿದ್ದೆ?”

“ಅಕ್ಕಾ, ನಿಮ್ಮ ಕಾಲಿಗೆ ಬೀಳ್ತೀನಿ.” ಅವನು ಕೈ ಜೋಡಿಸಿದ. “ನಾನೇ ಓಡಿಸಿದ್ದು. ನಾನೇ ಒತ್ತಿದ್ದು. ಆ ಪೊಲೀಸ್ ಅಮ್ಮನೂ ಶೆರಿ ಅಂದ್ಬಿಟ್ರಲ್ಲ, ವಂಡಿದೇ ತಪ್ಪು ಅಂತ ಆಯ್ತಲ್ಲ. ನೀವು ಸೈನ್ ಹಾಕಿ. ನ್ಯಾಯವಾಗೇ ಇದೆ. ಯಾರಿಗೂ ಅನ್ಯಾಯವಿಲ್ಲ.”

“ನನಗೆ ಇದೆ. ನಾನು ಸೈನ್ ಹಾಕೋದು ಲೋಗನಾಥನ್ ಓಡಿಸಿದ ಲಾರಿಗೆ. ಬೇರೆಯವರು ಓಡಿಸಿದ ಲಾರಿಗಲ್ಲ. ಈ ಕಲ್ಲಿನ ಮಾತು ನಿನ್ನ ಕಿವಿಗೆ ಬಂದದ್ದು ಯಾರ ಬಾಯಿಂದ?”

ಅವನು ಸ್ಟೀರಿಂಗನ್ನು ಮತ್ತೆ ಎಡಕ್ಕೆ ಎಳೆಯತೊಡಗಿದ. ಹಲ್ಲು ಕಚ್ಚಿ, ಕೊರಳ ನರ ಉಬ್ಬಿಸಿ, ಇದನ್ನು ತಿರುಗಿಸಿಬಿಟ್ಟರೆ ಪ್ರಶ್ನೆಯೂ ತಿರುಗಿ ಹೋಗುತ್ತದೆ ಅನ್ನುವ ಹಾಗೆ. ಪಂಪು ನರಳಿತು. ಸ್ಟೀರಿಂಗ್ ನಿಂತಲ್ಲೇ ನಿಂತಿತ್ತು.

ಮೂಲೆಯಲ್ಲಿ ಕಂಪನಿ ಬಸ್ಸಿನ ಹಾರನ್ ಕೇಳಿಸಿತು. ಒಮ್ಮೆ, ಮತ್ತೊಮ್ಮೆ. ಕಲೈಸೆಲ್ವಿ ಬಸ್ಸಿನ ಕಡೆ ನೋಡಿದಳು, ಗಂಡನ ಕಡೆ ನೋಡಿದಳು. ಅವನು ಇನ್ನೂ ಎಳೆಯುತ್ತಲೇ ಇದ್ದ. ಒಂಬತ್ತು ದಿನ ನಿದ್ದೆಗೆಟ್ಟ ಹೆಂಗಸಿಗೆ ಗಂಡ ಕಣ್ಣೆದುರು ಒಂದು ಕೆಲಸವನ್ನು ತಪ್ಪಾಗಿ ಮಾಡುವುದನ್ನು ಎಷ್ಟು ಹೊತ್ತು ನೋಡಲಾಗುತ್ತದೆ?

“ಅಯ್ಯೋ, ಏನ್ರೀ ಅದು! ಒಂದೇ ಸಲ ಎಡಕ್ಕೆ ಜಗ್ಗಿದ್ರೆ ಬರುತ್ತಾ ಅದು?” ಗೋಡೆಯ ಕಡೆಯಿಂದಲೇ, ಕನ್ನಡದಲ್ಲಿ, ಬೇಸತ್ತು ಕೂಗಿದಳು. “ಬಲಕ್ಕೆ ಸಣ್ಣ ಸಣ್ಣಗೆ ಮೂರು ಸಲ ಕೊಡಿ. ಪಂಪಿನ ಶಬ್ದ ಇಳಿಯೋವರೆಗೂ ತಡೀರಿ. ಆಮೇಲೆ ಬಿಡಿ ಎಡಕ್ಕೆ, ತಾನೇ ಬರುತ್ತೆ!”

ಲೋಗನಾಥನ್ ಏನನ್ನೂ ಯೋಚಿಸಲಿಲ್ಲ. ಹದಿನಾಲ್ಕು ವರ್ಷದ ಸಂಸಾರದಲ್ಲಿ ಹೇಳಿದ್ದನ್ನು ಮಾಡಿ ಅಭ್ಯಾಸವಾದ ಕೈ. ಬಲಕ್ಕೆ ಸಣ್ಣಗೆ ಮೂರು ಸಲ ಕೊಟ್ಟಿತು. ಪಂಪಿನ ನರಳಾಟ ಇಳಿಯಿತು. ಕೈ ಎಡಕ್ಕೆ ಬಂತು.

ಸ್ಟೀರಿಂಗ್ ತಿರುಗಿತು. ಪೂರ್ತಿ ಎಡಕ್ಕೆ, ಮುಂದಿನ ಚಕ್ರಗಳು ಮಣ್ಣಿನಲ್ಲಿ ಕಿರುಗುಟ್ಟುತ್ತ, ಕೊನೆಯ ತನಕ.

ಬಸ್ಸು ಹೊರಟು ಹೋಯಿತು. ಕಲೈಸೆಲ್ವಿ ಹೋಗಲಿಲ್ಲ. ಟಿಫನ್ ಡಬ್ಬಿ ಹಿಡಿದ ಕೈ ಹಾಗೇ ಬಾಯಿಗೆ ಹೋಗಿ ನಿಂತಿತ್ತು. ಕ್ಯಾಬಿನ್ನಿನೊಳಗೆ ಲೋಗನಾಥನ್ ಕಣ್ಣು ಮುಚ್ಚಿಕೊಂಡಿದ್ದ.

ವನಮಾಲಾಗೆ ಎರಡು ವಿಷಯ ಒಂದೇ ಉಸಿರಿಗೆ ಗೊತ್ತಾಗಿತ್ತು. ಮೊದಲನೆಯದಕ್ಕಿಂತ ಎರಡನೆಯದು ಕೆಟ್ಟದಾಗಿತ್ತು. ಈ ಚಳಿಯಲ್ಲಿ, ಈ ಹೊತ್ತಿನಲ್ಲಿ, ಈ ಲಾರಿಯನ್ನು ಓಡಿಸಿ ಪಳಗಿದ್ದವಳು ಆ ಗೋಡೆಯ ಪಕ್ಕ ನಿಂತಿದ್ದಾಳೆ. ಮತ್ತು ಕಲ್ಲಾದ ಸ್ಟೀರಿಂಗನ್ನು ಬಿಡಿಸುವುದು ಹೇಗೆಂದು ಅವಳಿಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಅವತ್ತು ಅವಳ ಕೈಯಲ್ಲಿ ಲಾರಿ ಕಂಬದ ಕಡೆಗೇ ಹೋಗಿತ್ತು.

ಬಾನೆಟ್ಟಿನ ಮೇಲಿನ ಪಂಚನಾಮೆಯಲ್ಲಿ ಸಹಿಯ ಜಾಗ ಇನ್ನೂ ಖಾಲಿ ಇತ್ತು. ಸುಶೀಲ ಬರೆಯುವುದನ್ನು ನಿಲ್ಲಿಸಿ ಮುಂದಿನ ಚಕ್ರಗಳನ್ನು ನೋಡುತ್ತಿದ್ದಳು. ಎಡಕ್ಕೆ ಪೂರ್ತಿ ತಿರುಗಿ ನಿಂತ ಚಕ್ರಗಳು. ಆಮೇಲೆ ಗೋಡೆಯ ಪಕ್ಕದ ಹೆಂಗಸನ್ನು ನೋಡಿದಳು. ಆಮೇಲೆ ವನಮಾಲಾಳನ್ನು.

“ಈಗ ತಿರುಗಿತಲ್ಲ, ಮೇಡಂ,” ಅಂದಳು ತಮಿಳಿನಲ್ಲಿ, ನಿಧಾನವಾಗಿ. “ಆಕೆ ಅವನಿಗೆ ಏನು ಹೇಳಿದ್ದು?”